ಬಾಟಲಿಯೊಳಗಿನ ಗುಡ್ಡ

ಇತ್ತೀಚೆಗೆ ನಮ್ಮ ಕಟ್ಟಡದ ಪುನರ್ನಿರ್ಮಾಣದ ನಿಮಿತ್ತ ಮನೆ ಖಾಲಿ ಮಾಡಬೇಕಾಗಿ ಬಂದ ಸಂದರ್ಭದಲ್ಲಿ, ಅಡುಗೆಮನೆಯ ಅಟ್ಟದ ಹಿಂಬದಿಯಿಂದ ಒಂದು ಗಾಜಿನ ಬಾಟಲಿ ಹೊರಬಂತು. ಮೂಲತಃ ಅದು ಉಪ್ಪಿನಕಾಯಿಯ ಬಾಟಲಿ. ಮುಚ್ಚಳಕ್ಕೆ ತುಕ್ಕು ಹಿಡಿದಿತ್ತು. ಒದ್ದೆ ಬಟ್ಟೆ ಸುತ್ತಿ ಬಲವಾಗಿ ತಿರುಗಿಸಿದ ಮೇಲೆ ತೆರೆದುಕೊಂಡಿತು. ಒಳಗಿನಿಂದ ಬಂದದ್ದು ಬಣ್ಣ ಕಲಸುವ ಅಗಸೆ ಎಣ್ಣೆಯ ವಾಸನೆ; ಇಷ್ಟು ವರ್ಷಗಳ ನಂತರವೂ ಅದು ಹೋಗಿರಲಿಲ್ಲ. ಬಾಟಲಿಯ ತುಂಬ ಹಸಿರು, ಕಂದು, ಬೂದು ಬಣ್ಣಗಳು ಒಂದರೊಳಗೊಂದು ಸುತ್ತಿಕೊಂಡು ಗಟ್ಟಿಯಾಗಿದ್ದ ಮುದ್ದೆಯಿತ್ತು.

ಸಾಮಾನು ಕಟ್ಟಲು ಬಂದಿದ್ದವನು ಅದನ್ನು ಎತ್ತಿ ನೋಡಿ, "ಮ್ಯಾಡಮ್, ಯೇ ಕಚರೇ ಮೇ ಡಾಲೂಂ ಕ್ಯಾ?" ಎಂದು ಕೇಳಿದ. ಕಸಕ್ಕೆ ಹಾಕುವುದು ಬೇಡವೆಂದೆ. ಕಾರಣ ಹೇಳಲಿಲ್ಲ. ಅದು ಒಂದು ಗುಡ್ಡ ಎಂದು ಹೇಳಿದ್ದರೆ ಅವನು ಏನೆಂದುಕೊಳ್ಳುತ್ತಿದ್ದನೋ...

ಸದರಿ ಬಾಟಲಿ ನನ್ನ ವಶಕ್ಕೆ ಬಂದ ಬಗೆಯನ್ನು ಕ್ರಮವಾಗಿ ನಿವೇದಿಸಿಕೊಳ್ಳುವುದೇ ಈ ಬರಹದ ಉದ್ದೇಶ. ಇದಕ್ಕೂ ಮುಂಚೆ ನಾನು ಲೇಖನವೆಂಬುದನ್ನು ಬರೆದವಳಲ್ಲ. ಸಾನಪಾಡಾದ ಒಂದು ಖಾಸಗಿ ಕಚೇರಿಯ ಪತ್ರವ್ಯವಹಾರ ವಿಭಾಗದಲ್ಲಿ ಕೆಲಸ ಮಾಡಿದ ನನಗೆ ಗೊತ್ತಿರುವ ಬರವಣಿಗೆಯೆಂದರೆ ಪತ್ರ ಮಾತ್ರ. ಆದ್ದರಿಂದ ಎಲ್ಲಿಯಾದರೂ ಭಾಷೆ ಬಿಗಿಯಾಗಿ ಕಂಡಲ್ಲಿ ಓದುಗರು ಮನ್ನಿಸಬೇಕಾಗಿ ವಿನಂತಿ.

ನಾನು ಮದುವೆಯಾಗಿ ಉಡುಪಿಯ ಕಡೆಯಿಂದ ಡೊಂಬಿವಲಿಗೆ ಬಂದದ್ದು ಎರಡು ಸಾವಿರದ ದಶಕದ ಮಧ್ಯಭಾಗದಲ್ಲಿ. ಪತಿ ಕಲ್ಯಾಣದ ಒಂದು ಹೋಟೆಲಿನಲ್ಲಿ ಮ್ಯಾನೇಜರರಾಗಿದ್ದರು. ನಮ್ಮದು ಲಿಫ್ಟ್ ಇಲ್ಲದ ಹಳೆಯ ಹೌಸಿಂಗ್ ಸೊಸೈಟಿಯ ಕಟ್ಟಡ. ನಮ್ಮ ಮನೆಯ ನೇರ ಮೇಲೆ, ಕೊನೆಯ ಮಹಡಿಯಲ್ಲಿ, ಹಿರಿಯರೊಬ್ಬರು ಒಂಟಿಯಾಗಿ ವಾಸವಾಗಿದ್ದರು. ಪತ್ನಿ ತೀರಿಕೊಂಡಿದ್ದರು, ಮಗಳ ಸಂಸಾರ ಬದಲಾಪುರದಲ್ಲಿತ್ತು. ಅವರೂ ನಮ್ಮ ಕಡೆಯವರೇ. ಆದರೆ ತಮ್ಮ ಇಡೀ ಸೇವಾವಧಿಯನ್ನು ಉತ್ತರದ ಹಿಮದ ಸೀಮೆಯಲ್ಲಿ, ದೇವದಾರು ಕಾಡುಗಳ ನಡುವೆ ಸುಣ್ಣದ ಕಲ್ಲು ತೆಗೆಯುವ ಗಣಿಗಳಲ್ಲಿ, ಅಳತೆಗಾರರಾಗಿ ಹಾಗೂ ನಕ್ಷೆಗಾರರಾಗಿ ಕಳೆದು ನಿವೃತ್ತರಾದವರು. ಕಟ್ಟಡದವರೆಲ್ಲ ಅವರನ್ನು ನಕ್ಷೆ ಮಾಮ ಎಂದು ಕರೆಯುತ್ತಿದ್ದರು. ನಾನೂ ಹಾಗೆಯೇ ಕರೆದೆ.

ಪರಿಚಯವಾದದ್ದು ಒಂದು ದೂರಿನ ಮೂಲಕ. ಡೊಂಬಿವಲಿಯ ಕಾರ್ಖಾನೆಗಳ ಕಡೆಯಿಂದ ಗಾಳಿ ಬೀಸಿದ ದಿನ ಒಂದೊಂದು ಬಗೆಯ ವಾಸನೆ ಬರುವುದು ಅಲ್ಲಿಯವರಿಗೆ ಹೊಸದಲ್ಲ. ನನಗೆ ಹೊಸದಾಗಿತ್ತು. ಒಂದು ಬೆಳಿಗ್ಗೆ ಕಿಟಕಿಯಿಂದ ಬಂದ ತೀಕ್ಷ್ಣವಾದ ವಾಸನೆ ಯಾವ ಕಾರ್ಖಾನೆಯದೂ ಅಲ್ಲ, ಮೇಲಿನ ಮನೆಯದು ಎಂದು ಖಚಿತವಾದಾಗ ಹೆದರಿಕೆಯಿಂದಲೇ ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದೆ. ಕೈಯಲ್ಲಿ ದೋಸೆ ಮಗುಚುವ ಸಟ್ಟುಗ ಹಿಡಿದ, ಬನಿಯನ್ನಿನ ಮೇಲೆಲ್ಲ ಹಸಿರು ಬಣ್ಣ ಮೆತ್ತಿಕೊಂಡಿದ್ದ ತೆಳ್ಳನೆಯ ವೃದ್ಧರೊಬ್ಬರು ಬಾಗಿಲು ತೆರೆದರು.

"ಎಂತ, ಗ್ಯಾಸ್ ಲೀಕ್ ಅಂತ ಬಂದದ್ದಾ? ಇದು ಎಣ್ಣೆ ಮಾರಾಯ್ತಿ. ಒಳಗೆ ಬಾ. ಮೂಗಿಗೆ ಅಭ್ಯಾಸ ಆಗ್ತದೆ."

ಒಳಗೆ ಗೋಡೆ ಕಾಣುತ್ತಿರಲಿಲ್ಲ. ಎಲ್ಲ ಕಡೆ ಚಿತ್ರಗಳು. ಅಲ್ಲಿಯವರೆಗೆ ಸೀನರಿ ಎಂದರೆ ಕ್ಯಾಲೆಂಡರಿನ ಜಲಪಾತ ಎಂದು ತಿಳಿದಿದ್ದವಳು ನಾನು. ಇಲ್ಲಿ ಹಿಮ ಬಿದ್ದ ಕಪ್ಪು ಕಾಡಿನ ಮೇಲೆ ಒಂದು ತಂತಿ ಹಾದುಹೋಗಿತ್ತು. ಆ ತಂತಿಯಲ್ಲಿ ಬಿಳಿ ಕಲ್ಲು ತುಂಬಿದ ತೊಟ್ಟಿಲುಗಳು ಒಂದರ ಹಿಂದೊಂದು ಕಣಿವೆ ದಾಟುತ್ತಿದ್ದವು. ಇನ್ನೊಂದರಲ್ಲಿ ನದಿಯ ತಿರುವಿನ ತಗಡಿನ ಬಿಡಾರಗಳ ಮುಂದೆ ಬಟ್ಟೆ ಒಣಹಾಕಿದ್ದರು. ಮತ್ತೊಂದರಲ್ಲಿ ಸಿಡಿಮದ್ದು ಹಾರಿದ ಮರುಕ್ಷಣ ಹಸಿರು ಇಳಿಜಾರಿನಿಂದ ಬಿಳಿಯ ದೂಳು ಹೂವಿನ ಹಾಗೆ ಅರಳುತ್ತಿತ್ತು, ಹಕ್ಕಿಗಳೆಲ್ಲ ಒಂದೇ ದಿಕ್ಕಿಗೆ ಹಾರುತ್ತಿದ್ದವು. ಹಿಮದಲ್ಲಿ ಹೂತುಹೋದ ಕಿತ್ತಳೆ ಬಣ್ಣದ ಡಂಪರ್, ಅದರ ಸುತ್ತ ಇರುವೆಗಳಷ್ಟು ಸಣ್ಣ ಮನುಷ್ಯರು. ಗುಡ್ಡ ಹೋದ ಜಾಗದಲ್ಲಿ ನಿಂತ ನೀರು, ಅದರ ನೀಲಿ ಎಷ್ಟು ಶುಭ್ರವಾಗಿತ್ತೆಂದರೆ...

ಇದು ಚಂದವೋ ಅಲ್ಲವೋ ಎಂದು ನನಗೆ ತೀರ್ಮಾನಿಸಲಾಗಲಿಲ್ಲ. ಅದನ್ನೇ ಹೇಳಿಬಿಟ್ಟೆ.

"ನನಗೂ ಇಷ್ಟರವರೆಗೆ ಗೊತ್ತಾಗ್ಲಿಲ್ಲ. ಅದಕ್ಕೇ ಬಿಡಿಸುದು," ಎಂದರು.

ಅವರು ಚಿತ್ರ ಬರೆಯುವ ಕ್ರಮ ಬೇರೆ ಯಾರಲ್ಲಿಯೂ ನಾನು ಕಂಡದ್ದಲ್ಲ. ಮುಂದಿನದೆಲ್ಲ ಅದನ್ನೇ ಅವಲಂಬಿಸಿರುವುದರಿಂದ ವಿವರಿಸುವುದು ಅವಶ್ಯ. ಮೊದಲು, ಕೆಳಮೂಲೆಯಲ್ಲಿ ಒಂದಿಷ್ಟು ಜಾಗ ಬಿಟ್ಟು, ಹಲಗೆಗೆ ಸುಣ್ಣದ ಕಲ್ಲಿನ ಬೂದು ಬಿಳುಪನ್ನು ದಪ್ಪವಾಗಿ ಬಳಿದು ಪೂರ್ತಿ ಒಣಗಿಸುತ್ತಿದ್ದರು. ಅದರ ಮೇಲೆ ಗುಡ್ಡವನ್ನು ಇಡಿಯಾಗಿ, ಯಾರೂ ಮುಟ್ಟದ ರೂಪದಲ್ಲಿ ಬರೆಯುತ್ತಿದ್ದರು. ಮರ, ಪೊದೆ, ತೊರೆ, ಮೇಯುವ ಕುರಿ, ಒಂದನ್ನೂ ಬಿಡುತ್ತಿರಲಿಲ್ಲ. ಆ ಬಣ್ಣ ಅರೆ ಒಣಗಿದಾಗ, ಅಂಚು ಮಸೆದು ತೆಳ್ಳಗೆ ಮಾಡಿಕೊಂಡಿದ್ದ ಪತ್ನಿಯ ಹಳೆಯ ಸಟ್ಟುಗದಿಂದ ಗುಡ್ಡವನ್ನು ನೆತ್ತಿಯಿಂದ ಕೆಳಕ್ಕೆ, ಮೆಟ್ಟಿಲು ಮೆಟ್ಟಿಲಾಗಿ ಕೆರೆದು ತೆಗೆಯುತ್ತಿದ್ದರು. ಗಣಿಯವರು ತೆಗೆದ ಕ್ರಮದಲ್ಲಿಯೇ. ಒಳಗಿನ ಬಿಳುಪು ಹೊರಬರುತ್ತಿತ್ತು. ಕೆರೆದ ಬಣ್ಣವನ್ನು ಎಸೆಯುತ್ತಿರಲಿಲ್ಲ. ಚಿತ್ರದ ಕೆಳಮೂಲೆಯಲ್ಲಿ, ಗಣಿಯ ಮಣ್ಣು ಸುರಿಯುವ ದಿಬ್ಬವನ್ನು ಅದೇ ಬಣ್ಣದಿಂದ ಮೆತ್ತುತ್ತಿದ್ದರು. ಹೀಗೆ ಗುಡ್ಡವೆಲ್ಲ ಹಲಗೆಯ ಮೇಲೆಯೇ ಇರುತ್ತಿತ್ತು, ಜಾಗ ಮಾತ್ರ ಬದಲಾಗಿರುತ್ತಿತ್ತು.

ಅಷ್ಟು ಕಷ್ಟಪಟ್ಟು ಬರೆದದ್ದನ್ನು ಕೆರೆಯುವುದೇಕೆ, ಸೀದಾ ಗಣಿಯನ್ನೇ ಬರೆಯಬಹುದಲ್ಲ ಎಂದು ಕೇಳಿದ್ದೆ. ಇಲ್ಲದ ಮರ ಕಡಿಯುವುದು ಹೇಗೆ ಎಂದು ಅವರು ನನ್ನನ್ನೇ ಕೇಳಿದರು.

ಮುಂದೆ ಮೇಲಿನ ಮನೆಗೆ ಹೋಗಿಬರುವುದು ರೂಢಿಯಾಯಿತು. ಆ ಕಾಲದಲ್ಲಿ ನನ್ನ ಮನಸ್ಸಿನ ಸ್ಥಿತಿ ಚೆನ್ನಾಗಿರಲಿಲ್ಲವೆಂಬುದನ್ನು ಇಲ್ಲಿ ನಮೂದಿಸಬೇಕು. ಬೆಳಿಗ್ಗೆ ಡೊಂಬಿವಲಿಯಲ್ಲಿ ಲೋಕಲ್ ರೈಲಿನ ಹೆಂಗಸರ ಡಬ್ಬಿಗೆ ನುಗ್ಗಿ, ಠಾಣೆ ನಿಲ್ದಾಣದಲ್ಲಿ ಇಳಿದು, ಸಾನಪಾಡಾದ ರೈಲು ಹಿಡಿಯಬೇಕು. ಯಾರೋ ಕಾಲು ತುಳಿಯುವರು, ಯಾರೋ ಮರಾಠಿಯಲ್ಲಿ ಗದರುವರು. ಉತ್ತರ ಕೊಡಲು ಭಾಷೆಯಿಲ್ಲದೆ ಕಣ್ಣೀರು ಬರುತ್ತಿತ್ತು. ಕೆಲಸ ಬಿಟ್ಟುಬಿಡುವ ನಿರ್ಧಾರವನ್ನು ಹಲವು ಸಲ ಮಾಡಿದ್ದೆ. ಇದನ್ನು ಒಂದು ಸಂಜೆ ನಕ್ಷೆ ಮಾಮನ ಮುಂದೆ ಹೇಳಿದಾಗ ಅವರು ಸಮಾಧಾನ ಹೇಳಲಿಲ್ಲ. ಠಾಣೆಯಿಂದ ಸಾನಪಾಡಾಕ್ಕೆ ಹೋಗುವಾಗ ಯಾವ ಕಡೆಗೆ ನಿಲ್ಲುತ್ತೀ ಎಂದು ಕೇಳಿದರು. ನಾನು ಗಮನಿಸಿರಲಿಲ್ಲ.

"ಎಡಬದಿಗೆ ನಿಲ್ಲು. ದೂರದಲ್ಲಿ ಗುಡ್ಡ ಸಾಲು ಉಂಟು, ಕಲ್ಲುಕೋರೆ ಮಾಡಿ ಕಡ್ದಿದ್ದಾರೆ. ನೋಡ್ಕೊಂಡು ಬಾ. ಸಂಜೆ ನನಗೆ ಹೇಳು. ನನಗೆ ಈಗ ಅಷ್ಟು ದೂರ ಹೋಗ್ಲಿಕ್ಕೆ ಆಗುದಿಲ್ಲ."

ಕಚೇರಿಯ ಆದೇಶವೆಂಬಂತೆ ಪಾಲಿಸಿದೆ. ಮೊದಲ ಕೆಲವು ದಿನ, ಗುಡ್ಡ ಇದೆ, ಕಡಿದಿದ್ದಾರೆ ಎಂಬುದರಾಚೆ ಹೇಳಲು ನನ್ನಲ್ಲಿ ಏನೂ ಇರಲಿಲ್ಲ. ಅವರು ಕೇಳುತ್ತಾ ಹೋದರು: ಕಡಿದ ಬದಿ ಯಾವ ಬಣ್ಣ? ಬೆಳಿಗ್ಗೆ ಒಂದು, ಸಂಜೆ ಒಂದು ಇರಬೇಕಲ್ಲ? ಮೇಲಿನ ಮೆಟ್ಟಿಲಿನಲ್ಲಿ ಹುಲ್ಲು ಬಂತೋ? ಮಳೆ ನೀರು ಎಲ್ಲಿಂದ ಇಳಿಯುತ್ತದೆ? ಕ್ರಮೇಣ ನನ್ನ ಬಳಿ ಉತ್ತರಗಳು ಇರತೊಡಗಿದವು. ಮಳೆಗಾಲದಲ್ಲಿ ಕಡಿದ ಕಲ್ಲು ನೇರಳೆಯಾಗುತ್ತದೆ. ಹುಲ್ಲು ಮೊದಲು ಬರುವುದು ಹಳೆಯ ಮೆಟ್ಟಿಲಿನಲ್ಲಿ. ಗುಡ್ಡದ ಕಡೆ ಮುಖಮಾಡಿ ನಿಂತವಳಿಗೆ ಯಾರು ಕಾಲು ತುಳಿದರೆಂಬುದು ಮುಖ್ಯವಾಗಲಿಲ್ಲ. ಕೆಲಸ ಬಿಡುವ ಮಾತು ನನಗರಿವಿಲ್ಲದೆಯೇ ಬಿಟ್ಟುಹೋಯಿತು. ಇದು ನಾನು ಅವರಿಗೆ ಸಲ್ಲಿಸಬೇಕಾದ ಮೊದಲ ಕೃತಜ್ಞತೆ.

ಆ ಕಲ್ಲುಕೋರೆಯವರನ್ನು ನಾನು ಒಮ್ಮೆ ಕೊಂಚ ಖಾರವಾಗಿಯೇ ಬೈದಾಗ ಮಾತ್ರ ಅವರು ತಡೆದರು. ನಾವು ನಿಂತಿರುವ ಈ ನೆಲದ ಜಲ್ಲಿ ಎಲ್ಲಿಂದ ಬಂದದ್ದೆಂದು ಕೇಳಿದರು. ತಾವು ಗಣಿಯ ಅನ್ನ ಉಂಡವರೆಂದೂ, ಗುಡ್ಡವನ್ನು ತಿಂದ ಮೇಲೆ ತಿಂದೆ ಎಂದು ಹೇಳಬೇಕೆಂದೂ, ಹೊಟ್ಟೆ ತುಂಬಿದ ಮೇಲೆ ಬಾಯಿ ಒರೆಸಿಕೊಂಡು ಗುಡ್ಡ ಅಲ್ಲಿಯೇ ಇದೆಯೆಂಬಂತೆ ಸೀನರಿ ಬರೆಯುವುದು ತಮ್ಮಿಂದ ಆಗದೆಂದೂ ಹೇಳಿದರು. ಅಷ್ಟು ದೀರ್ಘವಾಗಿ ಅವರು ಮಾತನಾಡಿದ್ದು ಕಡಿಮೆ.

ಕೆಲವು ವರ್ಷಗಳ ನಂತರ, ಪತ್ರ ಬರೆಯಲು ಬರುತ್ತದೆಂಬ ಒಂದೇ ಅರ್ಹತೆಯ ಮೇಲೆ ನನ್ನನ್ನು ಸೊಸೈಟಿಯ ಕಾರ್ಯದರ್ಶಿಯನ್ನಾಗಿ ಮಾಡಿದರು. ಆ ವರ್ಷವೇ ಚೇರ್ಮನ್ನರು, ಕೆಳಗಿನ ಪಡಸಾಲೆಯ ಗೋಡೆ ಬೋಳಾಗಿದೆ, ಒಂದು ಚಿತ್ರ ಕೊಡಿ ಎಂದು ನಕ್ಷೆ ಮಾಮನನ್ನು ಕೇಳಿಕೊಂಡದ್ದು. ಚೇರ್ಮನ್ನರು ನಮ್ಮವರೇ ಆದರೂ ಕಲ್ಯಾಣದಲ್ಲಿಯೇ ಹುಟ್ಟಿ ಬೆಳೆದವರು; ಅವರ ಕನ್ನಡದಲ್ಲಿ ಮೂರು ಭಾಷೆಗಳು ಇರುತ್ತಿದ್ದವು. ನಕ್ಷೆ ಮಾಮ ಒಪ್ಪಿದರು. ತಾವು ತೀರ ಚಿಕ್ಕ ವಯಸ್ಸಿನಲ್ಲಿ ಮೊದಲ ಅಳತೆಯ ತಂಡದೊಂದಿಗೆ ಡೇರೆ ಹಾಕಿದ್ದ ಗುಡ್ಡವನ್ನು ಬರೆಯುವುದಾಗಿ ನನಗೆ ಹೇಳಿದರು. ಉಳಿದ ಗಣಿಗಳಿಗೆ ಅವರು ಹೋದದ್ದು ಕಡಿಯಲು ಆರಂಭವಾದ ಮೇಲೆ. ಇದೊಂದನ್ನು ಮಾತ್ರ ಇಡಿಯಾಗಿ ನೋಡಿದ್ದರು, ಕೊನೆಯ ಲಾರಿ ಹೋಗುವವರೆಗೂ ಇದ್ದರು. ಅದನ್ನು ಹಾಗೆ ನೋಡಿದವರಲ್ಲಿ ತಾವೊಬ್ಬರೇ ಉಳಿದಿರುವುದಾಗಿ ಹೇಳಿದರು.

ಬಹಳ ವರ್ಷ ಈ ಚಿತ್ರವನ್ನು ಮುಂದೂಡುತ್ತ ಬಂದಿದ್ದವರು ಈಗ ಕೈಗೆತ್ತಿಕೊಳ್ಳಲು ಇನ್ನೊಂದು ಕಾರಣವಿತ್ತು. ಅವರ ಕಣ್ಣು ಹೋಗುತ್ತಿತ್ತು. ಒಳಗಿನ ಒತ್ತಡ ಹೆಚ್ಚಿ ನೋಟ ಸುತ್ತಲಿಂದ ಕಿರಿದಾಗುತ್ತ ಬರುವ ಕಾಯಿಲೆ. ಶಸ್ತ್ರಚಿಕಿತ್ಸೆಯಿಂದ ಇದ್ದದ್ದನ್ನು ಸ್ವಲ್ಪ ಕಾಲ ಉಳಿಸಬಹುದು, ಹೋದದ್ದು ಬರುವುದಿಲ್ಲ ಎಂದು ವೈದ್ಯರು ತಿಳಿಸಿದ್ದರು. ಈ ವಿಷಯ ಸೊಸೈಟಿಯಲ್ಲಿ ಚರ್ಚೆಯಾಗಬಾರದೆಂದು ನನಗೆ ತಾಕೀತು ಮಾಡಿದ್ದರು.

ಆ ಮಳೆಗಾಲದಲ್ಲಿ ಅವರು ಗುಡ್ಡವನ್ನು ಬರೆದು ಮುಗಿಸಿದರು. ಅಂದರೆ ಮೊದಲರ್ಧವನ್ನು. ಎದುರಿಗೆ ಹಸಿರು ಗುಡ್ಡ, ಅದರ ಮೈಮೇಲೆ ದೇವದಾರು, ಹಿಂದೆ ಬಹುದೂರದಲ್ಲಿ ಹಿಮದ ಶಿಖರ. ಬಣ್ಣ ಅರೆ ಒಣಗಲು ಬಿಟ್ಟು, ಶಸ್ತ್ರಚಿಕಿತ್ಸೆಗೆಂದು ಮಗಳ ಮನೆಗೆ ಹೊರಟರು. ಮುಚ್ಚಿದ ಮನೆಯಲ್ಲಿ ಬೂಷ್ಟು ಹಿಡಿಯುತ್ತದೆಂದು, ಹಲಗೆಯನ್ನು ಕೆಳಗೆ ಸೊಸೈಟಿಯ ಆಫೀಸಿನಲ್ಲಿ ಗಾಳಿಯಾಡುವ ಕಡೆ ಒರಗಿಸಿ ಇಡಲಾಯಿತು. ನಾನೂ ಆ ಸಮಯದಲ್ಲಿ ನಾದಿನಿಯ ಹೆರಿಗೆಯ ನಿಮಿತ್ತ ಊರಿಗೆ ಹೋಗಬೇಕಾಯಿತು.

ನಾನು ಹಿಂತಿರುಗುವಷ್ಟರಲ್ಲಿ ಗಣೇಶನ ಹಬ್ಬ ಮುಗಿದಿತ್ತು. ಪಡಸಾಲೆಗೆ ಕಾಲಿಟ್ಟವಳು ಅಲ್ಲಿಯೇ ನಿಂತೆ. ಟಪಾಲು ಪೆಟ್ಟಿಗೆಗಳ ಮೇಲಿನ ಗೋಡೆಯಲ್ಲಿ ಚಿತ್ರ ತೂಗುತ್ತಿತ್ತು. ಸುತ್ತಲೂ ಚಿನ್ನದ ಬಣ್ಣದ ಚೌಕಟ್ಟು, ಮುಂದೆ ಗಾಜು, ಗಾಜಿನ ಮೇಲೆ ಹಿಮಶಿಖರದ ನೆತ್ತಿಗೆ ಸರಿಯಾಗಿ ಅರಿಸಿನ ಕುಂಕುಮ, ಕೆಳಗೆ ಚೆಂಡುಹೂವಿನ ಹಾರ. ಮಾಮ ಚಿತ್ರವನ್ನು ಕೊಟ್ಟು ಹೋಗಿದ್ದಾರೆಂದೇ ಕಮಿಟಿಯವರು ತಿಳಿದಿದ್ದರು. ತಿಳಿಯದೆ ಇನ್ನೇನು? ಕೆಳಮೂಲೆಯ ತುಸು ಬೋಳು ಜಾಗವನ್ನು ಬಿಟ್ಟರೆ ಅದು ಮುಗಿದ ಚಿತ್ರದಂತೆಯೇ ಇತ್ತು. ಅಷ್ಟೇ ಅಲ್ಲ, ಹಿಮದ ಶಿಖರವನ್ನು ನೋಡಿ ಎರಡನೆಯ ಮಹಡಿಯ ಅಕ್ಕ ಅದು ಕೈಲಾಸವೆಂದು ನಿಶ್ಚಯಿಸಿದ್ದರು. ಬಾಗಲಕೋಟೆ ಕಡೆಯ ಅವರು ನಮ್ಮ ಕಟ್ಟಡದ ಭಜನಾ ಮಂಡಳಿಯನ್ನು ನಡೆಸುತ್ತಿದ್ದವರು. ಅವರ ಮಾತಿಗೆ ಎದುರಾಡುವವರಿರಲಿಲ್ಲ. ಹಬ್ಬದಲ್ಲಿ ಗಣಪತಿಯನ್ನು ಆ ಚಿತ್ರದ ಕೆಳಗೆ ಕೂರಿಸಿ, ಆ ಮಗನೊಂದಿಗೆ ಅವನ ತಂದೆ ತಾಯಿಯ ಮನೆಗೂ ಆರತಿ ಎತ್ತಿದ್ದರು. ಗಣಪತಿ ನೀರಿಗೆ ಹೋಗಿದ್ದ. ಕೈಲಾಸ ಗೋಡೆಯಲ್ಲಿ ಉಳಿದಿತ್ತು.

ಕೆಲವೇ ದಿನಗಳಲ್ಲಿ ನಕ್ಷೆ ಮಾಮ ಬಂದರು. ಕಪ್ಪು ಕನ್ನಡಕ ಹಾಕಿದ್ದರು. ಪಡಸಾಲೆಯಲ್ಲಿ ನಿಂತು ಮುಖವನ್ನು ನಿಧಾನವಾಗಿ ಎಡದಿಂದ ಬಲಕ್ಕೆ ತಿರುಗಿಸಿ ಚಿತ್ರವನ್ನು ತುಣುಕು ತುಣುಕಾಗಿ ನೋಡಿದರು. ಕೈ ಚಾಚಿ ಗಾಜನ್ನು ಮುಟ್ಟಿದರು.

"ಗಣಿ ಇನ್ನೂ ಶುರುವೇ ಆಗ್ಲಿಲ್ಲ, ಪೂಜೆ ಆಗಿ ಹೋಯ್ತಾ?" ಎಂದು ನಕ್ಕರು.

ನಗು ಬಹಳ ಹೊತ್ತು ಉಳಿಯಲಿಲ್ಲ. ಬಣ್ಣ ಈಗ ಬೆಣ್ಣೆಯೂ ಅಲ್ಲ, ಕಲ್ಲೂ ಅಲ್ಲ ಎಂಬ ಹದದಲ್ಲಿದೆಯೆಂದೂ, ನವರಾತ್ರಿ ಕಳೆದು ಬಿಸಿಲು ಬಿದ್ದರೆ ಗಟ್ಟಿಯಾಗಿ ಸಟ್ಟುಗ ಓಡುವುದಿಲ್ಲವೆಂದೂ ಮೆಟ್ಟಿಲು ಹತ್ತುವಾಗ ನನಗೆ ವಿವರಿಸಿದರು. ಇನ್ನೊಂದು ಹಲಗೆಯ ಮೇಲೆ ಮೊದಲಿನಿಂದ ಬರೆಯಬಹುದಲ್ಲ ಎಂದೆ. ಅವರು ಮೆಟ್ಟಿಲಿನ ಅಂಚನ್ನು ಕಾಲಿನಿಂದ ತಡಕುತ್ತಾ, ಅಷ್ಟು ಕಣ್ಣು ಇಲ್ಲ ಎಂದರು.

ಅವರ ಪರವಾಗಿ ಕಾರ್ಯಕಾರಿ ಸಮಿತಿಗೆ ಒಂದು ಮನವಿ ಪತ್ರವನ್ನು ನಾನೇ ಬರೆದೆ, ಕಾರ್ಯದರ್ಶಿಯಾಗಿ ಅದನ್ನು ನಾನೇ ಸ್ವೀಕರಿಸಿ ಸಭೆಯ ಮುಂದಿಟ್ಟೆ. ಸಭೆ ಸೇರಿದ್ದು ಅದೇ ಪಡಸಾಲೆಯಲ್ಲಿ, ಅದೇ ಚಿತ್ರದ ಕೆಳಗೆ, ಪ್ಲಾಸ್ಟಿಕ್ ಕುರ್ಚಿಗಳಲ್ಲಿ.

"ಅಂಕಲ್, ಏವಢಾ ಮಸ್ತ್ ಸೀನರಿ ಇದೆ, ಉಗಾಚ್ ಸುಮ್ನೆ ಯಾಕೆ ಖರಾಬ್ ಮಾಡ್ತೀರಿ?" ಎಂದರು ಚೇರ್ಮನ್ನರು. "ಆನೇವಾಲೇ ಗೆಸ್ಟ್ ಲೋಗ್ ಫೋಟೋ ತೆಗೀತಾರೆ, ಮಾಲೂಮ್ ಹೈ?"

"ಅದು ಅರ್ಧ ಆದದ್ದು ಮಾರಾಯ್ರೆ."

ಅಕ್ಕ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. "ಅಲ್ರೀ ಮಾಮಾರ, ಕೈಲಾಸಕ್ಕ ಚಾಕೂ ಹಚ್ಚತೀನಿ ಅಂತೀರಲ್ಲ, ಬುದ್ಧಿ ಎಲ್ಲಿಟ್ಟು ಬಂದೀರಿ, ಬದಲಾಪುರದಾಗೇನು?"

"ಚಾಕು ಅಲ್ಲ, ಸಟ್ಟುಗ. ಮತ್ತೆ ಅದು ಕೈಲಾಸ ಅಲ್ಲ ಅಕ್ಕ. ಸುಣ್ಣದ ಕಲ್ಲಿನ ಗುಡ್ಡ. ಅದರ ಸಿಮೆಂಟಲ್ಲಿ ಎಷ್ಟೋ ಊರು ಕಟ್ಟಿ ಆಗಿದೆ."

"ನಿಮಗ ಸುಣ್ಣ ಇರಬಹುದು. ನಾವು ಆರತಿ ಎತ್ತೀವಿ. ಎತ್ತಿದ ಮ್ಯಾಲ ಅದು ನಿಮ್ಮದಲ್ಲ, ನಮ್ಮದೂ ಅಲ್ಲ."

ಸಭೆ ತಲೆದೂಗಿತು. ಹಿಂದಿನ ಹಿಮದ ಶಿಖರಕ್ಕೆ ತಾವು ಕೈ ಹಾಕುವುದಿಲ್ಲ, ಅದಕ್ಕೆ ಗಣಿಯವರೂ ಕೈ ಹಾಕಿರಲಿಲ್ಲ, ಮುಂದಿನ ಗುಡ್ಡವನ್ನಷ್ಟೇ ಮುಗಿಸಲು ಬಿಡಿ ಎಂದು ಅವರು ಇನ್ನೊಮ್ಮೆ ಕೇಳಿಕೊಂಡರು. ವಿಷಯವನ್ನು ಮುಂದಿನ ಸಭೆಗೆ ಮುಂದೂಡಲಾಯಿತು. ಮುಂದಿನ ಸಭೆ ದೀಪಾವಳಿಯ ನಂತರ. ನನ್ನ ಕೈಯಿಂದಲೇ ಅದನ್ನು ನಡಾವಳಿಯಲ್ಲಿ ಬರೆದೆ. ನಕ್ಷೆ ಮಾಮ ಎದ್ದು, ಗೋಡೆ ಹಿಡಿದು, ಎಲ್ಲರಿಗಿಂತ ಮೊದಲು ಮೇಲೆ ಹೋದರು.

ಅಂದು ಸಂಜೆ ನಾನು ಅಕ್ಕನ ಮನೆಗೆ ಹೋದೆ. ಏನು ಹೇಳಬೇಕೆಂದು ನಿರ್ಧರಿಸಿರಲಿಲ್ಲ. ಕಣ್ಣಿನ ವಿಷಯ ಹೇಳುವಂತಿರಲಿಲ್ಲ. ಅದನ್ನು ಬಿಟ್ಟು ಹೇಳಲು ಬೇರೇನೂ ಇರಲಿಲ್ಲ. ಅವರು ರೊಟ್ಟಿ ಬಡಿಯುತ್ತಿದ್ದರು. ನಾನು ಬಾಗಿಲಲ್ಲಿ ನಿಂತೇ ಇದ್ದೆ.

"ಕುಂದರವಾ. ಅವರು ನಿನಗ ಹೇಳಬ್ಯಾಡ ಅಂದಿರಬೇಕು, ಹೌದಿಲ್ಲೋ? ನನಗ ಯಾರೂ ಹೇಳಬೇಕಾಗಿಲ್ಲ. ಇವತ್ತು ಕುರ್ಚಿ ಅಂತ ತಿಳದು ನನ್ನ ಭುಜಾ ಹಿಡದು ಎದ್ದರು. ಪಾಪ, ಕುರ್ಚಿಗೇ ಥ್ಯಾಂಕ್ಸ್ ಅಂದರು."

ಹೇಳುತ್ತಲೇ ನಕ್ಕರು, ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು. ರೊಟ್ಟಿ ಹಂಚಿನ ಮೇಲೆ ಉಬ್ಬಿತು. ಅದನ್ನು ಮಗುಚಿ ಹಾಕಿ, ಬಹಳ ಹೊತ್ತು ಯೋಚಿಸಿದವರಂತೆ ಮಾತು ಮುಂದುವರಿಸಿದರು.

"ಗಣಪ್ಪನ್ನೇ ಕಳಸತೀವಿ. ಉತ್ತರ ಪೂಜಿ ಮಾಡಿ, ಅಕ್ಷತಿ ಹಾಕಿ, ಒಂದೀಟು ಜರಗಿಸಿದರ ಮತ್ತ ಮಣ್ಣ ಅದು. ಅದನ್ನ ನೀರಾಗ ಬಿಡಾಕ ಯಾರೂ ಅಂಜೂದಿಲ್ಲ. ಇದನ್ನ ಕಳಸಾಕ ಬರೂದಿಲ್ಲೇನು? ನಾನ ಕರದೀನಿ, ನಾನ ಕಳಸತೀನಿ."

ಮರುದಿನ ಬೆಳಿಗ್ಗೆ ಹಾಗೆಯೇ ನಡೆಯಿತು. ಹೂವು, ಹಣ್ಣು, ಊದುಬತ್ತಿ. ಅಕ್ಕ ಚಿತ್ರಕ್ಕೆ ಅಕ್ಷತೆ ಹಾಕಿ, ಚೌಕಟ್ಟನ್ನು ಎರಡೂ ಕೈಯಿಂದ ಹಿಡಿದು, ಮೂರ್ತಿಯನ್ನು ಕದಲಿಸುವ ಹಾಗೆಯೇ ಚೂರು ಪಕ್ಕಕ್ಕೆ ಸರಿಸಿ, "ಹೋಗಿ ಬಾರಪ್ಪಾ. ಇಲ್ಲಿ ಇನ್ನ ಕೆಲಸಾ ಐತಿ," ಎಂದರು. ಚೇರ್ಮನ್ನರು ಅಭ್ಯಾಸಬಲದಿಂದ "ಗಣಪತೀ ಬಾಪ್ಪಾ" ಎಂದು ಕೂಗಿ, ಮುಂದಿನದನ್ನು ನುಂಗಿಕೊಂಡರು. ಎಲ್ಲರೂ ನಕ್ಕರು. ನಕ್ಷೆ ಮಾಮ ಹೆಚ್ಚು ನಕ್ಕರು. ನಡಾವಳಿಯಲ್ಲಿ ಈ ವಿಧಿಯನ್ನು ಯಾವ ಕಲಮಿನ ಅಡಿಯಲ್ಲಿ ದಾಖಲಿಸಬೇಕೆಂದು ತಿಳಿಯದೆ ನಾನು ದಾಖಲಿಸಲೇ ಇಲ್ಲ.

ಗಾಜು ತೆಗೆಸಿ, ಹಲಗೆಯನ್ನು ಪಡಸಾಲೆಯಲ್ಲಿಯೇ ಮೇಜಿನ ಮೇಲೆ ಮಲಗಿಸಲಾಯಿತು. ಕೆಲಸ ಆರಂಭಿಸುವ ಮೊದಲು ಅವರು ನನ್ನನ್ನು ಕರೆದರು. ನೋಟ ಈಗ ದುರ್ಬೀನಿನಲ್ಲಿ ನೋಡಿದ ಹಾಗಿದೆ, ಸರ್ವೇಯವನಿಗೆ ಅದು ಅಭ್ಯಾಸವೇ, ಆದರೆ ಸರ್ವೇಯಲ್ಲಿ ಆಚೆ ತುದಿಯಲ್ಲಿ ಕೋಲು ಹಿಡಿಯಲು ಒಬ್ಬರು ಬೇಕು ಎಂದರು.

"ನನಗೆ ಚುಕ್ಕೆ ಕಾಣ್ತದೆ, ಗುಡ್ಡ ಕಾಣುದಿಲ್ಲ. ಗುಡ್ಡ ನೀನು ನೋಡು. ಇಷ್ಟು ವರ್ಷ ರೈಲಿಂದ ನೋಡಿದ್ದೀಯಲ್ಲ."

ಹೆದರಿಕೆಯಾಯಿತು. ತಪ್ಪಿದರೆ ತಿದ್ದುವಂತಿರಲಿಲ್ಲ, ಈ ಗುಡ್ಡ ಇನ್ನೊಮ್ಮೆ ಬರುವುದಿಲ್ಲ. ಆದರೂ ಕಚೇರಿಗೆ ರಜೆ ಹಾಕಿ, ಬೆಳಗಿನ ಬೆಳಕು ಇರುವಷ್ಟು ಹೊತ್ತು, ಹಲಗೆಗೆ ಅಡ್ಡಲಾಗಿ ದಾರವನ್ನು ಎಳೆದು ಹಿಡಿದು ನಿಂತೆ. ಮೊದಲ ಮೆಟ್ಟಿಲು ಎಲ್ಲಿ, ಎಷ್ಟು ಅಗಲ, ಎಲ್ಲಿ ತಿರುಗುತ್ತದೆ ಎಂಬುದನ್ನು ಅವರು ನೆನಪಿನಿಂದ ಹೇಳುವರು. ದಾರ ಸರಿಯಾಗಿ ಕೂತಿತೆಂದು ನಾನು ಹೇಳಿದ ಮೇಲೆ ಸಟ್ಟುಗ ಇಳಿಯುವುದು. ದೇವದಾರುಗಳು ಒಂದೊಂದಾಗಿ ಸುರುಳಿ ಸುತ್ತಿಕೊಂಡು ಎದ್ದು ಬರುತ್ತಿದ್ದವು. ಅವುಗಳ ಹಿಂದೆ ಬಿಳುಪು. ಪ್ರತಿ ಸುರುಳಿಯನ್ನೂ ಅವರು ಬೆರಳಿನಿಂದ ತೆಗೆದು ಉಪ್ಪಿನಕಾಯಿಯ ಬಾಟಲಿಗೆ ಹಾಕುತ್ತಿದ್ದರು. ಬಿಡುವಿನಲ್ಲಿ ಆ ಗುಡ್ಡದ ವಿಚಾರ ಬರುತ್ತಿತ್ತು: ಮೊದಲ ಚಳಿಗಾಲದಲ್ಲಿ ಡೇರೆಯ ಬಾಗಿಲಿಗೆ ಬಂದು ಕೂರುತ್ತಿದ್ದ ನರಿ, ತೊರೆಯ ನೀರಿನ ರುಚಿ, ಸಂಬಳದ ಮೊದಲ ಮನಿಆರ್ಡರ್ ಊರಿಗೆ ತಲಪಿದಾಗ ಅವರ ತಾಯಿ ಮಾಡಿಸಿಕೊಂಡ ಮೂಗುತಿ...

ಟಪಾಲು ತೆಗೆದುಕೊಳ್ಳಲು ಬಂದವರು ನಿಂತು ನೋಡುತ್ತಿದ್ದರು. ಅಕ್ಕ ಚಹಾ ತಂದಿಟ್ಟು, "ಆ ಕುರಿಗೋಳನ್ನಾರ ಬಿಡ್ರಿ ಮಾಮಾರ," ಎಂದು ಬೇಡಿಕೊಂಡರು. ಕುರಿಗಳು ಉಳಿಯಲಿಲ್ಲ. ಆದರೆ ಯಾರೂ ಚಿತ್ರ ಕೆಟ್ಟಿತೆನ್ನಲಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಇಳಿದ ಬಿಳುಪಿನ ಹಿಂದೆ ಹಿಮದ ಶಿಖರ ಮೊದಲಿಗಿಂತ ಎತ್ತರವಾಗಿ ಕಂಡಿತು. ಅದನ್ನು ಮೊದಲು ಹೇಳಿದ್ದು ಚೇರ್ಮನ್ನರು: "ಆತಾ ಕಳಲಂ, ಈಗ ಗೊತ್ತಾಯ್ತು. ಮೊದಲು ಅದು ಹಿಂದೆ ಅಡಗಿತ್ತು."

ನವರಾತ್ರಿಗೆ ಮುಂಚೆ ಗಣಿ ಮುಗಿಯಿತು. ಉಳಿದದ್ದು ಕೆಳಮೂಲೆಯ ಮಣ್ಣಿನ ದಿಬ್ಬ ಒಂದೇ. ಅದಕ್ಕೆಂದು ಬಿಟ್ಟಿದ್ದ ಜಾಗದಲ್ಲಿ ಬೋಳು ಹಲಗೆ ಕಾಣುತ್ತಿತ್ತು. ಬಾಟಲಿ ತುಂಬಿತ್ತು. ಅವರು ಸಟ್ಟುಗವನ್ನು ಒರೆಸಿ ಪಕ್ಕಕ್ಕಿಟ್ಟು, ಆ ಜಾಗದ ಮೇಲೆ ಅಂಗೈಯಾಡಿಸಿದರು. ಮತ್ತೆ ಬಾಟಲಿಯ ಮುಚ್ಚಳ ತಿರುಗಿಸಿ ನನ್ನ ಕೈಗೆ ಕೊಟ್ಟರು.

"ಈ ಗುಡ್ಡದ ಮಣ್ಣು ಅಲ್ಲಿ ಉಳಿಯಲಿಲ್ಲ. ನಾನು ತಿಂದೆ. ಮಗಳ ಫೀಸು, ಮದುವೆ, ಮೇಲಿನ ಮನೆ, ಎಲ್ಲ ಅದೇ. ನೀನು ಇಟ್ಕೋ. ಕೋಲು ಹಿಡಿದವರಿಗೆ ಪಾಲು ಉಂಟು."

ಅವರು ಹೇಳಿದ್ದೇ ಕಾರಣವೋ, ಅಥವಾ ಆ ಮೂಲೆ ಅವರ ಕಣ್ಣಿಗೆ ಸಿಗದೆ ಹೋಗಿತ್ತೋ ನನಗೆ ಇಂದಿಗೂ ತಿಳಿಯದು. ನಾನು ಕೇಳಲಿಲ್ಲ. ಕೇಳಬೇಕೆಂದು ಅನ್ನಿಸಲೂ ಇಲ್ಲ.

ಅವರ ಚಿತ್ರಗಳಲ್ಲಿ ಅದೇ ಕೊನೆಯದು. ಅನಂತರ ಅವರು ಬದಲಾಪುರದಲ್ಲಿ ಮಗಳ ಮನೆಯಲ್ಲಿಯೇ ಉಳಿದರು. ನೋಟ ಪೂರ್ತಿ ಹೋದ ಮೇಲೂ ಫೋನಿನಲ್ಲಿ, "ಇವತ್ತು ಗುಡ್ಡ ಹೇಗುಂಟು?" ಎಂದು ಕೇಳುತ್ತಿದ್ದರು. ಹೇಳುತ್ತಿದ್ದೆ. ಒಂದು ಮಳೆಗಾಲದ ಆರಂಭದಲ್ಲಿ, ಹಳೆಯ ಮೆಟ್ಟಿಲಿನಲ್ಲಿ ಹುಲ್ಲು ಚಿಗುರಿದೆಯೆಂದು ತಿಳಿಸಲು ಫೋನ್ ಮಾಡಿದಾಗ ಮಗಳು ತೆಗೆದುಕೊಂಡಳು... ವಿಷಯ ಅವಳು ಹೇಳುವ ಮೊದಲೇ ನನಗೆ ತಿಳಿಯಿತು.

ಈಗ ನಮ್ಮ ಕಟ್ಟಡವೂ ಇಲ್ಲ. ಬಾಡಿಗೆ ಮನೆಯ ಬಾಲ್ಕನಿಯಿಂದ ಅದು ಹೋಗುವುದನ್ನು ನೋಡಿದೆ. ಯಂತ್ರ ಕೊನೆಯ ಮಹಡಿಯಿಂದ ಆರಂಭಿಸಿತು. ಮೊದಲು ಹೋದದ್ದು ನಕ್ಷೆ ಮಾಮನ ಗೋಡೆಗಳು, ಅದರ ಕೆಳಗೆ ನಮ್ಮವು. ಕೆಲವು ದಿನ ಕಟ್ಟಡ ಮೆಟ್ಟಿಲು ಮೆಟ್ಟಿಲಾಗಿ ನಿಂತಿತ್ತು. ಆಮೇಲೆ ಡಂಪರುಗಳು ಬಂದವು. ಅಕ್ಕ ಮಗನೊಂದಿಗೆ ಬೇರೆ ಊರಿಗೆ ಹೋಗಿದ್ದಾರೆ. ಚಿತ್ರ ಚೇರ್ಮನ್ನರ ಮನೆಯಲ್ಲಿ ಹಳೆಯ ಚಾದರದಲ್ಲಿ ಸುತ್ತಿಕೊಂಡು ಹೊಸ ಕಟ್ಟಡದ ಗೋಡೆಗಾಗಿ ಕಾದಿದೆ. ಕೆಳಮೂಲೆಯ ಬೋಳು ಹಲಗೆಯನ್ನು ತುಂಬಿಸೋಣವೇ, ಪೇಂಟರ್ ಒಬ್ಬನು ಸಿಗುತ್ತಾನೆ ಎಂದು ಅವರು ಕೇಳಿದ್ದರು. ಬೇಡವೆಂದು ಲಿಖಿತವಾಗಿ ತಿಳಿಸಿದ್ದೇನೆ.

ಕಚೇರಿಯಲ್ಲಿ ನಾನು ಕಲಿತ ಮೊದಲ ನಿಯಮವೆಂದರೆ, ಏನಾದರೂ ಕೈಸೇರಿದ ಕೂಡಲೇ ಸ್ವೀಕೃತಿ ಪತ್ರ ಕಳುಹಿಸಬೇಕು ಎಂಬುದು. ಯಾರ ಯಾರಿಗೋ ಕಳುಹಿಸಿದೆ. ಅವರಿಗೆ ಕಳುಹಿಸಲಿಲ್ಲ, ಆಗ ಬಾಟಲಿಯನ್ನು ಕೈಯಲ್ಲಿ ಹಿಡಿದು ಸುಮ್ಮನೆ ನಿಂತಿದ್ದೆ. ಈಗ ವಿಳಾಸವಿಲ್ಲ. ಆದರೂ ತಡವಾಗಿಯಾದರೂ ಇಲ್ಲಿ ಬರೆದಿಡುತ್ತೇನೆ: ಮಾಮ, ತಾವು ಕೊಟ್ಟ ಗುಡ್ಡ ನನಗೆ ತಲಪಿದೆ. ಸುಸ್ಥಿತಿಯಲ್ಲಿದೆ. ಮುಚ್ಚಳ ತೆರೆದರೆ ಎಣ್ಣೆಯ ವಾಸನೆ ಬರುತ್ತದೆ.